ಕಾರ್ಡಿನಲ್ಲಿ ಬರೆಯದ ದುಡ್ಡು

ಹೋದ ವರ್ಷ ಜೂನ್ ತಿಂಗಳ ಒಂದು ಶನಿವಾರ. ಉಡುಪಿಯ ಜೂನ್ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಬೆಳಿಗ್ಗೆ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಏಳೂವರೆಗೆ ಕರೆಂಟೂ ಹೋಯಿತು. ಚಟ್ನಿ ಅರ್ಧ ರುಬ್ಬಿದಲ್ಲಿಗೆ ಮಿಕ್ಸಿ ನಿಂತದ್ದಕ್ಕೆ ಅಮ್ಮ ಒಳಗೆ ಗೊಣಗುತ್ತಿದ್ದಳು. ಅಷ್ಟರಲ್ಲಿ ನನಗೊಂದು ಫೋನ್ ಬಂತು. ಗಂಟೆ 7.40.

‘ಸರ್, ನಾವು ಅಡ್ವೊಕೇಟ್ ಆಫೀಸಿಂದ ಮಾತಾಡ್ತಿರೋದು. ನಿಮ್ಮ ಮೇಲೆ ಲೋನ್ ಡಿಫಾಲ್ಟ್ ಕೇಸ್ ಇದೆ. ಸೋಮವಾರ ವಾರಂಟ್ ಇಶ್ಯೂ ಆಗತ್ತೆ.’

ಘಟ್ಟದ ಮೇಲಿನ ಕನ್ನಡ. ಗಂಭೀರ ಸ್ವರ. ಹಿಂದೆ ನಾಲ್ಕೈದು ಜನ ಮಾತಾಡುವ ಸದ್ದು, ದೊಡ್ಡ ಆಫೀಸಿನ ಹಾಗೆ. ನನ್ನ ಪೂರ್ತಿ ಹೆಸರು ಹೇಳಿದ. ಪ್ಯಾನ್ ಕಾರ್ಡಿನ ಕೊನೆಯ ನಾಲ್ಕು ಅಕ್ಷರ ಹೇಳಿದ. ಮಂಗಳೂರಿನ ಬಿಜೈಯಲ್ಲಿ ನಾನಿದ್ದ ಬಾಡಿಗೆ ಮನೆಯ ವಿಳಾಸವನ್ನು ಬಾಗಿಲಿನ ನಂಬರು ಸಮೇತ ಓದಿದ. ಅಷ್ಟು ಹೊತ್ತಿಗೆ ನನ್ನ ಬಾಯಿ ಒಣಗಿತ್ತು.

ಇಲ್ಲೊಂದು ವಿಷಯ ಹೇಳಬೇಕು. ನಾನು ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಕಲಿಸುವವನು. ಡೆಬಿಟ್ಟು ಕ್ರೆಡಿಟ್ಟು ಅಂತ ದಿನಾ ಬಾಯಿ ಬಡಿದುಕೊಳ್ಳುವವನು. ಅಂಥವನು ಆ ಹೊತ್ತಿಗೆ ಕೇಳಿದ್ದೇನು ಗೊತ್ತಾ? ‘ಯಾವುದು, 2019ರ ಲ್ಯಾಪ್‌ಟಾಪ್ ಲೋನಾ?’

‘ಹಾಂ ಸರ್, ಅದೇ.’

ಅವನು ಅಲ್ಲಿಯವರೆಗೆ ಯಾವ ಸಾಲ, ಎಷ್ಟು, ಯಾವ ವರ್ಷದ್ದು ಅಂತ ಒಂದಕ್ಷರ ಹೇಳಿರಲಿಲ್ಲ. ನಾನೇ ಹೇಳಿಕೊಟ್ಟೆ. ಅವನು ಎತ್ತಿಕೊಂಡ, ಅಷ್ಟೆ.

ಆ ಸಾಲ ನಿಜವಾಗಿಯೂ ಇತ್ತು. 54,000 ರೂಪಾಯಿ, ಹದಿನೆಂಟು ಕಂತು. ನಡುವೆ ಕೊರೊನಾ ಬಂತು. 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತಲ್ಲ, ನಾನೂ ಕೆಲವು ತಿಂಗಳು ಕಟ್ಟಿರಲಿಲ್ಲ. ಆಮೇಲೆ ಎಲ್ಲ ಕಟ್ಟಿ ಮುಗಿಸಿದ್ದೆ. ಆದರೆ ಆ ಮುಂದೂಡಿದ ತಿಂಗಳುಗಳ ಬಡ್ಡಿ ಎಲ್ಲೋ ಉಳಿದು, ಬೆಳೆದು, ಇಷ್ಟಾಯಿತೋ ಏನೋ ಅಂತ ಒಂದು ಹುಳ ಹೊಕ್ಕಿತು. ಅವನು ‘ಬಡ್ಡಿ, ಪೆನಾಲ್ಟಿ ಸೇರಿ 38,600’ ಅಂದ ಕೂಡಲೇ ನನ್ನ ತಲೆಯೇ ಅದಕ್ಕೆ ಲೆಕ್ಕ ಹೊಂದಿಸಿಕೊಟ್ಟಿತು.

‘ಇವತ್ತೇ ಸೆಟಲ್ ಮಾಡಿದ್ರೆ 16,500ಕ್ಕೆ ಮುಗಿಸಿಕೊಡ್ತೀವಿ. ಇಲ್ಲಾಂದ್ರೆ ನಿಮ್ಮ ಪ್ರಿನ್ಸಿಪಾಲ್‌ಗೆ ಫೋನ್ ಮಾಡಬೇಕಾಗತ್ತೆ. ಮನೆಗೆ ಪೊಲೀಸ್ ಬಂದ್ರೆ ಅಕ್ಕಪಕ್ಕದವರು ನೋಡ್ತಾರೆ, ಅಲ್ವಾ ಸರ್?’

ಜೈಲಿಗಿಂತ ಜಾಸ್ತಿ ನಾಟಿದ್ದು ಈ ಅಕ್ಕಪಕ್ಕದ ಮಾತು. ನಮ್ಮ ಕಡೆ ಸಾಲ ಮಾಡುವುದು ದೊಡ್ಡ ಸಂಗತಿ ಅಲ್ಲ, ಸಾಲ ಕೊಟ್ಟವನು ಬಾಗಿಲಿಗೆ ಬಂದ ಅನ್ನಿಸಿಕೊಳ್ಳುವುದು ದೊಡ್ಡದು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ವಾಟ್ಸಾಪಿಗೆ ಒಂದು ಪಿಡಿಎಫ್ ಬಂತು. ಮೇಲೆ ಮೂರು ಸಿಂಹ, ಕೆಳಗೆ ಕೆಂಪು ದುಂಡು ಸೀಲು, ನಡುವೆ ದಪ್ಪ ಅಕ್ಷರದಲ್ಲಿ ಐಪಿಸಿ 420. ಓದುವ ತಾಳ್ಮೆ ಯಾರಿಗಿತ್ತು? ‘ಫೈಲ್ ಹೋಲ್ಡ್ ಮಾಡೋಕೆ ಈಗ 2,000 ಹಾಕಿ’ ಅಂತ ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿದರೆ ಕಂಪನಿಯ ಹೆಸರಿಲ್ಲ, ಯಾರೋ ಒಬ್ಬ ಮನುಷ್ಯನ ಹೆಸರು. ಕೇಳಿದೆ. ‘ನಮ್ಮ ಅಕೌಂಟೆಂಟ್ ಸರ್ ಅವರು’ ಅಂದ. ಹಾಕಿದೆ. ಹೌದು, ಹಾಕಿಬಿಟ್ಟೆ.

ಎರಡನೇ ಕೋಡ್ ಬರುವಾಗ ಅಮ್ಮ ಎಮರ್ಜೆನ್ಸಿ ಲೈಟ್ ಹಿಡಿದುಕೊಂಡು ಚಾವಡಿಗೆ ಬಂದಳು. ಲೈನ್ ಕಟ್ ಮಾಡಬೇಡಿ ಅಂತ ಅವನು ತಾಕೀತು ಮಾಡಿದ್ದರಿಂದ ಫೋನಿಗೆ ಕೈ ಅಡ್ಡ ಹಿಡಿದು ಪಿಸುಮಾತಿನಲ್ಲಿ ವಿಷಯ ಹೇಳಿದೆ.

‘ಎಂತದಕ್ಕೆ ಕೊಟ್ಟದ್ದು? ರಶೀದಿ ಉಂಟಾ?’

‘ಆಮೇಲೆ ಕಳಿಸ್ತಾನಂತೆ.’

‘ಆಮೇಲೆಯಾ? ಬರೆದು ಸಹಿ ಹಾಕದೆ ಪಿಗ್ಮಿಯವರಿಗೂ ನಾನು ಒಂದು ರೂಪಾಯಿ ಕೊಟ್ಟದ್ದಿಲ್ಲ ಮಾರಾಯ. ಫೋನ್ ಇಡು.’

ಪಿಗ್ಮಿ ಅಂದರೆ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1925ರಲ್ಲಿ ಇದೇ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ದಿನದ ಉಳಿತಾಯದ ಯೋಜನೆ. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಅಮ್ಮನ ಅಭ್ಯಾಸ ಮಾತ್ರ ಎಲ್ಲೂ ಸೇರಿಲ್ಲ. ನಾನು ಸಣ್ಣವನಿದ್ದಾಗ ಪಿಗ್ಮಿಯವರು ಸಂಜೆ ಸೈಕಲ್ ಒರಗಿಸಿ ಜಗಲಿಯಲ್ಲಿ ಕೂರುತ್ತಿದ್ದರು. ಮಜ್ಜಿಗೆ ಕೊಡುವಷ್ಟು ಸಲಿಗೆ. ಆದರೂ ಅಮ್ಮ ಐದು ರೂಪಾಯಿಯ ನೋಟನ್ನು ಕೈಯಲ್ಲೇ ಹಿಡಿದು ನಿಲ್ಲುವಳು. ಅವರು ಕಾರ್ಡಿನಲ್ಲಿ ತಾರೀಕು ಬರೆದು, ಮೊತ್ತ ಬರೆದು, ಸಹಿ ಹಾಕಿದ ಮೇಲೇ ನೋಟು ಕೈ ಬಿಡುವುದು.

ಫೋನ್ ಇಟ್ಟೆ. ಎರಡೇ ನಿಮಿಷದಲ್ಲಿ ಹನ್ನೊಂದು ಸಲ ಹೊಡೆದುಕೊಂಡಿತು. ನಡುವೆ ಸಿಕ್ಕಿದ ಒಂದು ಸಂದಿಯಲ್ಲಿ 1930ಕ್ಕೆ ಫೋನ್ ಮಾಡಿದೆ. ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಹೋದ ಕೂಡಲೇ ಹೇಳಿದರೆ ಅದು ಇನ್ನೊಂದು ಖಾತೆಗೆ ಹಾರುವ ಮೊದಲು ತಡೆಯುವ ಸಾಧ್ಯತೆ ಇರುತ್ತದೆ. ಯಾವ ಬ್ಯಾಂಕು, ಎಷ್ಟು ಹೊತ್ತಿಗೆ, ಯಾರ ಖಾತೆಗೆ, ವಹಿವಾಟಿನ ನಂಬರು ಏನು ಅಂತ ಕೇಳಿ ಬರೆದುಕೊಂಡರು. ದೂರಿನ ನಂಬರು ಕೊಟ್ಟರು. ಯಾರೂ ‘ಮೇಷ್ಟ್ರಾಗಿ ಹೀಗೆ ಮಾಡಿದ್ರಲ್ಲ’ ಅನ್ನಲಿಲ್ಲ. ನಾನು ಅದಕ್ಕೇ ಹೆದರಿದ್ದೆ.

ಮರುದಿನ ಬೆಳಿಗ್ಗೆ ಆ ಪಿಡಿಎಫ್ಫನ್ನು ಮಕ್ಕಳ ಉತ್ತರ ಪತ್ರಿಕೆಯ ಹಾಗೆ ನೋಡಿದೆ. ‘ಸಾಲ ಪಡೆದ ದಿನಾಂಕ: ನವೆಂಬರ್ 2024.’ ನನ್ನ ಲ್ಯಾಪ್‌ಟಾಪ್ 2019ರದ್ದು! ಎಲ್ಲರಿಗೂ ಕಳಿಸುವ ಒಂದೇ ಪ್ರತಿ, ಹೆಸರು ಮಾತ್ರ ಬೇರೆ. ವಕೀಲ ಗೆಳೆಯನಿಗೆ ಕಳಿಸಿದರೆ ಅವನು ಇನ್ನೊಂದು ತಪ್ಪು ಹಿಡಿದ. 2024ರ ಜುಲೈ 1ರಿಂದ ಐಪಿಸಿಯೇ ಇಲ್ಲ, ಭಾರತೀಯ ನ್ಯಾಯ ಸಂಹಿತೆ ಬಂದಿದೆ. ನವೆಂಬರಿನ ವಂಚನೆಗೆ ಸೆಕ್ಷನ್ 318 ಹಾಕಬೇಕಿತ್ತು. ‘ಕಳ್ಳರೂ ಸಿಲೆಬಸ್ ಅಪ್‌ಡೇಟ್ ಮಾಡಿಕೊಳ್ಳಬೇಕು ಮಾರಾಯ’ ಅಂತ ನಕ್ಕ. ಸಾಲದ ಕಂತು ತಪ್ಪಿದರೆ ಅದು ಸಿವಿಲ್ ವ್ಯವಹಾರ, ಚೆಕ್ ಬೌನ್ಸ್ ಆದರೆ ಕಥೆ ಬೇರೆ, ಸುಮ್ನೆ ಕಂತು ಬಾಕಿ ಅಂತ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ ಅಂತಲೂ ಹೇಳಿದ. ಇದನ್ನು ಶನಿವಾರ ರಾತ್ರಿ ಅವನಿಗೇ ಫೋನ್ ಮಾಡಿ ಕೇಳಬಹುದಿತ್ತು. ನಾಚಿಕೆಯಿಂದ ಕೇಳಿರಲಿಲ್ಲ.

ಗಂಟೆಯ ವಿಷಯವನ್ನೂ ಅವನೇ ಹೇಳಿದ್ದು. ಬ್ಯಾಂಕಿನ ವಸೂಲಿ ಏಜೆಂಟರು ಬಾಕಿ ಕೇಳಲು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. 2022ರ ಆಗಸ್ಟ್‌ನಲ್ಲಿ ಹೊರಟದ್ದು. ನಿಜವಾದ ಏಜೆಂಟನ ಹತ್ತಿರ ಬ್ಯಾಂಕಿನ ಅಧಿಕಾರ ಪತ್ರ, ಗುರುತಿನ ಚೀಟಿ ಇರಬೇಕು. ನನಗೆ ಬಂದದ್ದು 7.40ಕ್ಕೆ.

ಸೋಮವಾರ ವಾರಂಟ್ ಬರಲಿಲ್ಲ. ನಾನು ಕಪಾಟಿನಿಂದ ಹಳೆಯ ಸಾಲದ ಫೈಲು ತೆಗೆದೆ. ಸಾಲ ತೀರಿದ ಪತ್ರ ಅಲ್ಲೇ ಇತ್ತು, 2021ರ ಅಕ್ಟೋಬರಿನದ್ದು. ಆದರೂ ಹುಳ ಪೂರ್ತಿ ಸಾಯಲಿಲ್ಲ. ನಮ್ಮ ಹೆಸರಿನ ಸಾಲಗಳ ಲೆಕ್ಕ ತೋರಿಸುವ ಕ್ರೆಡಿಟ್ ವರದಿ ತರಿಸಿದೆ. ದೇಶದಲ್ಲಿ ಇಂಥ ವರದಿ ಕೊಡುವ ನಾಲ್ಕು ಸಂಸ್ಥೆಗಳಿವೆ, ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ನನ್ನ ಹೆಸರಿನಲ್ಲಿ ಆ ಒಂದೇ ಸಾಲ, ಎದುರಿಗೆ ‘ಮುಕ್ತಾಯ’. ಬಾಕಿ ಸೊನ್ನೆ. ನನಗೆ ಗೊತ್ತಿಲ್ಲದೆ ನನ್ನ ಹೆಸರಲ್ಲಿ ಬೇರೆ ಯಾರೂ ಸಾಲ ಎತ್ತಿಲ್ಲ ಅಂತಲೂ ಖಾತ್ರಿಯಾಯಿತು. ಆಮೇಲೆ ನಿದ್ದೆ ಬಂತು.

ಹತ್ತು ದಿನ ಬಿಟ್ಟು ಮತ್ತೆ ಫೋನ್. ಸ್ವರ ಬೇರೆ, ಪಾಠ ಅದೇ. ಈ ಸಲ ನಾನು ಏನೂ ಹೇಳಿಕೊಡಲಿಲ್ಲ. ‘ಯಾವ ಕಂಪನಿ? ಸಾಲದ ನಂಬರು ಎಷ್ಟು? ಬರೆದು ಪೋಸ್ಟಿನಲ್ಲಿ ಕಳಿಸಿ, ಆಮೇಲೆ ಮಾತಾಡುವ.’

‘ಅಡ್ರೆಸ್ ಕೊಡಿ ಸರ್.’

‘ನಿಮ್ಮ ಹತ್ತಿರ ಉಂಟಲ್ಲ.’

ಬಿಜೈಯ ಆ ಮನೆಯನ್ನು ಕೆಡವಿ ಎರಡು ವರ್ಷವಾಯಿತು. ಈಗ ಅಲ್ಲಿ ಆರು ಮಹಡಿ ಎದ್ದಿದೆ. ಅವನು ಬೈದು ಫೋನ್ ಇಟ್ಟ. ಆ ನಂಬರನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನ ‘ಚಕ್ಷು’ವಿನಲ್ಲಿ ವರದಿ ಮಾಡಿ ಬ್ಲಾಕ್ ಮಾಡಿದೆ.

ಎರಡು ಸಾವಿರ ಇನ್ನೂ ಬಂದಿಲ್ಲ. ಮೊನ್ನೆ ಅಮ್ಮನ ಮನೆಖರ್ಚಿನ ಪುಸ್ತಕ ತಿರುವುತ್ತಿದ್ದೆ. ಜೂನ್ ತಿಂಗಳ ಪುಟದಲ್ಲಿ ಹಾಲು ಮತ್ತು ಗ್ಯಾಸ್ ನಡುವೆ ಅವಳ ಗುಂಡು ಅಕ್ಷರ: ‘ಫೋನಿನವನಿಗೆ 2,000. ವಾಪಸ್ ಬರ್ಲಿಕ್ಕುಂಟು.’