ಚೀಟಿ ಕೊಡಪ್ಪ, ದುಡ್ಡು ಕೊಡ್ತೀನಿ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು. ಡ್ಯೂಟಿಗೆ ಹತ್ತುವ ಮುಂಚೆ ನಮ್ಮ ಜೇಬಿನಲ್ಲಿರುವ ಸ್ವಂತ ದುಡ್ಡು ಎಷ್ಟು ಅಂತ ವೇಬಿಲ್‌ನಲ್ಲಿ ಬರೆಯಬೇಕಿತ್ತು. ನಡುದಾರಿಯಲ್ಲಿ ಚೆಕಿಂಗ್‌ನವರು ಹತ್ತಿದರೆ ಟಿಕೆಟ್ ನಂಬರ್ ನೋಡಿ, ಚೀಲದ ದುಡ್ಡು ಎಣಿಸಿ, ಎರಡನ್ನೂ ತಾಳೆ ಹಾಕುತ್ತಿದ್ದರು. ಕಮ್ಮಿ ಬಂದರೂ ಮೆಮೊ, ಜಾಸ್ತಿ ಬಂದರೂ ಮೆಮೊ. ಸಾರ್ವಜನಿಕರ ದುಡ್ಡು ಮುಟ್ಟಿದ ಕೈ ಲೆಕ್ಕ ಕೊಡಲೇಬೇಕು ಅಂತ ನನಗೆ ಕಲಿಸಿದ್ದು ಆ ನೌಕರಿ. ಹಾಗಾಗಿ ರಸ್ತೆ ಬದಿಯಲ್ಲಿ ಸೀಟಿ ಊದಿಕೊಂಡು ಬಂದು ‘ಪಾರ್ಕಿಂಗ್ ಐವತ್ತು ಕೊಡಿ’ ಅನ್ನುವವರ ಎದುರು ಸುಮ್ಮನೆ ಪರ್ಸ್ ತೆಗೆಯುವುದು ನನ್ನಿಂದ ಆಗದ ಕೆಲಸ.

ಕಳೆದ ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೆವು. ನನ್ನವಳಿಗೆ ಮಂಡಿನೋವು, ಬಹಳ ದೂರ ನಡೆಯಲಾರಳು. ಬುಲ್ ಟೆಂಪಲ್ ರಸ್ತೆಯ ಕಡೆ ಗಾಡಿ ಬಿಡುವುದಿಲ್ಲ ಅಂತ ಗೊತ್ತಿದ್ದರಿಂದ ಎನ್.ಆರ್. ಕಾಲೋನಿ ಕಡೆಯ ಒಂದು ಅಡ್ಡರಸ್ತೆಗೆ ಸ್ಕೂಟರ್ ತಿರುಗಿಸಿದೆ. ಅಲ್ಲಿ ಲೈಟ್ ಕಂಬದಿಂದ ಹೊಂಗೆ ಮರದವರೆಗೆ ನೈಲಾನ್ ಹಗ್ಗ ಕಟ್ಟಿದ್ದರು. ಇಬ್ಬರು ಹುಡುಗರು. ಒಬ್ಬನ ಕೈಯಲ್ಲಿ ಸೀಟಿ, ಇನ್ನೊಬ್ಬನ ಕೊರಳಲ್ಲಿ ಐಡಿ ಕಾರ್ಡ್, ಅದೂ ಹಿಂದುಮುಂದಾಗಿ ನೇತಾಡುತ್ತಿತ್ತು. ಟೂ ವೀಲರ್‌ಗೆ ಐವತ್ತು, ಕಾರಿಗೆ ನೂರು.

ನನ್ನ ಮುಂದೆ ಮಗುವನ್ನು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಮಾತಿಲ್ಲದೆ ಐವತ್ತು ರೂಪಾಯಿ ಕೊಟ್ಟಳು. ‘ಚೀಟಿ ಕೇಳಮ್ಮ’ ಅಂದೆ. ‘ಬೇಡ ಬಿಡಿ ಅಂಕಲ್, ಆಮೇಲೆ ಗಾಡಿ ಸೀಟು ಹರಿದು ಹಾಕ್ತಾರೆ’ ಅಂತ ಮೆಲ್ಲಗೆ ಹೇಳಿ ಹೋದಳು. ಅವಳ ಮಾತು ನನ್ನನ್ನು ಕೆರಳಿಸಿತು. ಅಲ್ಲಿ ಜಾಗಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಕೊಡುತ್ತಿದ್ದದ್ದು ಹೆದರಿಕೆಗೆ.

‘ಚೀಟಿ ಕೊಡಪ್ಪ, ದುಡ್ಡು ಕೊಡ್ತೀನಿ’ ಅಂದೆ.

‘ಚೀಟಿ ಖಾಲಿ ಆಗಿದೆ.’

‘ಟೆಂಡರ್ ಯಾರದ್ದು?’

‘ಪಾಲಿಕೆದು ಅಂಕಲ್. ಈಗ ಐದು ಪಾಲಿಕೆ ಆಗಿದೆ, ಎಲ್ಲ ಹೊಸ ರೂಲ್ಸು.’

ಈ ಮಾತನ್ನು ಬೇರೆ ಕಡೆಯೂ ಕೇಳಿದ್ದೇನೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರಪಾಲಿಕೆಗಳು ಬಂದವಲ್ಲ, ಜನರಿಗೆ ಇನ್ನೂ ಯಾವ ಬೀದಿ ಯಾವ ಪಾಲಿಕೆಗೆ ಸೇರುತ್ತೆ ಅನ್ನುವುದೇ ಸರಿಯಾಗಿ ತಿಳಿದಿಲ್ಲ. ಆ ಗೊಂದಲ ಇಂಥವರಿಗೆ ಅನುಕೂಲವಾಗಿದೆ. ಆದರೆ ಪಾಲಿಕೆ ಒಂದಿರಲಿ ಐದಿರಲಿ, ಶುಲ್ಕ ವಸೂಲಿ ಮಾಡುವ ಜಾಗದಲ್ಲಿ ದರದ ಬೋರ್ಡ್ ಇರಬೇಕು, ಗುತ್ತಿಗೆದಾರ ಯಾರು ಅಂತ ಗೊತ್ತಾಗಬೇಕು, ಕೊಡುವ ಚೀಟಿಯಲ್ಲಿ ಕ್ರಮಸಂಖ್ಯೆ ಇರಬೇಕು. ಕನ್ನಿಂಗ್‌ಹ್ಯಾಮ್ ರಸ್ತೆ, ಕಸ್ತೂರ್ಬಾ ರಸ್ತೆಯಲ್ಲಿ ಸ್ಮಾರ್ಟ್ ಪಾರ್ಕಿಂಗ್ ಬಂದಾಗ ಮೆಷಿನ್ ಇಟ್ಟರು, ದರ ಬರೆದರು. ಅಲ್ಲಿ ನಾನು ತಕರಾರಿಲ್ಲದೆ ಕೊಟ್ಟು ಬಂದಿದ್ದೇನೆ.

ಆ ಹುಡುಗನಿಗೆ ಅಷ್ಟನ್ನೂ ಹೇಳಲಿಲ್ಲ. ‘ಬೋರ್ಡ್ ತೋರಿಸು, ಇಲ್ಲ ನಿನ್ನ ಕಾರ್ಡ್ ತಿರುಗಿಸು’ ಅಂದೆ. ಅವನು ಕಾರ್ಡನ್ನು ಶರ್ಟಿನೊಳಗೆ ಹಾಕಿಕೊಂಡ. ಸೀಟಿಯವನು ಹತ್ತಿರ ಬಂದು, ‘ನಿಲ್ಸಿ ಹೋಗಿ ಅಂಕಲ್. ಗಾಡಿಗೆ ಏನಾದ್ರೂ ಆದ್ರೆ ನಮ್ಮನ್ನ ಕೇಳ್ಬೇಡಿ’ ಅಂದ.

ಇದನ್ನು ನಾವೆಲ್ಲ ಎಷ್ಟು ಸಲ ಕೇಳಿ ನುಂಗಿಕೊಂಡಿದ್ದೇವೆ! ಕೇಳೋಕೆ ಸಾದಾ ಮಾತು. ಆದರೆ ಗಾಡಿಗೆ ಹಾನಿ ಮಾಡುತ್ತೇನೆ ಅಂತ ಹೆದರಿಸಿ ದುಡ್ಡು ಕೀಳುವುದಕ್ಕೆ ಕಾನೂನಿನಲ್ಲಿ ಸುಲಿಗೆ ಅಂತಲೇ ಹೆಸರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮು ನೋಡಿ, ಏಳು ವರ್ಷದವರೆಗೆ ಜೈಲು ಆಗಬಹುದು. ಐವತ್ತು ರೂಪಾಯಿ ಚಿಕ್ಕ ಮೊತ್ತ ಅನ್ನುವ ವಿನಾಯಿತಿ ಅದರಲ್ಲಿಲ್ಲ.

ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತೆ ಕೂಗಿ ಅಭ್ಯಾಸವಿರುವ ಗಂಟಲು ನನ್ನದು. ‘ಯಾರೂ ಚೀಟಿ ಇಲ್ಲದೆ ದುಡ್ಡು ಕೊಡಬೇಡಿ! ಇದು ಸಾರ್ವಜನಿಕ ರಸ್ತೆ!’ ಅಂತ ಕೂಗಿದೆ. ಹಿಂದೆ ನಿಂತಿದ್ದ ಇಬ್ಬರು ಮೂವರು ಗಾಡಿ ಆಫ್ ಮಾಡಿದರು. ಹನುಮಂತನಗರದ ಕಡೆಯವರೇ ಇರಬೇಕು, ಒಬ್ಬ ಯುವಕ ಫೋನ್ ತೆಗೆದು ಹಗ್ಗದ ಫೋಟೊ ಹೊಡೆದ. ನಾನು 112ಕ್ಕೆ ಫೋನ್ ಮಾಡಿ ಬೀದಿಯ ಗುರುತು ಹೇಳತೊಡಗಿದೆ. ಹೊಯ್ಸಳ ವಾಹನ ಬರುವುದರೊಳಗೆ ಹಗ್ಗ ಬಿಚ್ಚಿ, ಸುತ್ತಿ, ಇಬ್ಬರೂ ಜನರ ನಡುವೆ ಸೇರಿಕೊಂಡರು. ಬಂದ ಪೊಲೀಸರು ಫೋಟೊ ತೆಗೆದುಕೊಂಡು ವಿವರ ಬರೆದುಕೊಂಡರು. ನನ್ನವಳು ಅಷ್ಟೂ ಹೊತ್ತು ನನ್ನ ತೋಳು ಹಿಡಿದೇ ನಿಂತಿದ್ದಳು, ಆದರೆ ‘ಕೊಟ್ಟುಬಿಡಿ’ ಅಂತ ಒಂದು ಸಲವೂ ಅನ್ನಲಿಲ್ಲ. ಅದು ನನಗೆ ದೊಡ್ಡ ಬಲ.

ಒಬ್ಬಂಟಿಯಾಗಿ ರಾತ್ರಿ ಹೊತ್ತು ನಿಂತವರಿಗೆ, ಮಗು ಕಂಕುಳಲ್ಲಿ ಇರುವವರಿಗೆ ಹೀಗೇ ಜಗಳಕ್ಕೆ ನಿಲ್ಲಿ ಅಂತ ನಾನು ಹೇಳಲಾರೆ. ಎದುರಿನವನು ಕುಡಿದಿದ್ದರೆ, ಗುಂಪು ಕಟ್ಟಿಕೊಂಡಿದ್ದರೆ ಕೊಟ್ಟು ಹೋಗಿ, ಆಮೇಲೆ ದೂರು ಕೊಡಿ. ಕೈಲಾಗುವವರು, ನಾಲ್ಕು ಜನ ಇರುವ ಹಗಲು ಹೊತ್ತಿನಲ್ಲಿ, ಜೋರಾಗಿ ಚೀಟಿ ಕೇಳಬೇಕು. ಪಕ್ಕದಲ್ಲಿ ಹೀಗೆ ಕೇಳುವವರು ಕಂಡರೆ ದಯವಿಟ್ಟು ‘ಯಾಕೆ ಸುಮ್ಮನೆ ರಗಳೆ’ ಅನ್ನದೆ ಅವರ ಜೊತೆ ನಿಂತುಕೊಳ್ಳಿ.

ಇನ್ನೊಂದು ಮಾತನ್ನೂ ಹೇಳಬೇಕು. ಕಲ್ಯಾಣ ಮಂಟಪಗಳ ಎದುರು, ಮಾರ್ಕೆಟ್ ಸಂದಿಗಳಲ್ಲಿ ಬಿಸಿಲಲ್ಲಿ ನಿಂತು ಗಾಡಿಗಳನ್ನು ಸಾಲಾಗಿ ಜೋಡಿಸುವ ಬಡವರಿದ್ದಾರೆ. ಹಿಂದಿನ ಗಾಡಿ ಸರಿಸಿ ನಮ್ಮದನ್ನು ಹೊರಗೆ ತೆಗೆದುಕೊಡುತ್ತಾರೆ, ಕೊಟ್ಟರೆ ನಮಸ್ಕಾರ, ಕೊಡದಿದ್ದರೂ ಬೇಸರವಿಲ್ಲ. ಅವರಿಗೆ ನಾನು ಹತ್ತಿಪ್ಪತ್ತು ಖುಷಿಯಿಂದ ಕೊಡುತ್ತೇನೆ. ದುಡಿದವರ ಕೈಗೆ ಮನಸಾರೆ ಕೊಡುವ ಆ ಹಣವನ್ನೂ ಹಗ್ಗ ಕಟ್ಟಿ ಕೀಳುವ ಹಣವನ್ನೂ ಒಂದೇ ಅಂತ ಯಾರೂ ತಿಳಿಯಬಾರದು.

ಪರಿಷೆ ಅಂದರೆ ಹೊಸ ಬೆಳೆಯ ಮೊದಲ ಕಡಲೆಕಾಯಿಯನ್ನು ರೈತರು ಬಸವಣ್ಣನಿಗೆ ಒಪ್ಪಿಸುವ ಹಬ್ಬ. ಸೇರು ಲೆಕ್ಕದಲ್ಲಿ ಕಾಯಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕುವ ಜನ ಅವರು. ಅಂಥವರ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವ ನಾವು ಹಗ್ಗದವನಿಗೆ ಐವತ್ತು ಕೊಡುವಾಗ ಬಾಯಿ ಬಿಡುವುದಿಲ್ಲ. ನನಗೆ ಬಹಳ ನೋವು ಕೊಡುವುದು ಇದು.

ನಮ್ಮ ಬೀದಿಯ ಹಿರಿಯರು ಕೆಲವರು ಸೇರಿ ಒಂದು ಮನವಿ ಬರೆದಿದ್ದೇವೆ. ಪರಿಷೆಯ ದಿನಗಳಲ್ಲಿ ಯಾವ ಮೈದಾನ, ಯಾವ ಬೀದಿಯಲ್ಲಿ ಗಾಡಿ ನಿಲ್ಲಿಸಬಹುದು ಅಂತ ಮೊದಲೇ ಪ್ರಕಟಿಸಬೇಕು, ಶುಲ್ಕವಿದ್ದರೆ ದರವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ನೇತುಹಾಕಬೇಕು, ಇಲ್ಲದಿದ್ದರೆ ‘ಇಲ್ಲಿ ಪಾರ್ಕಿಂಗ್ ಉಚಿತ, ಯಾರಿಗೂ ಹಣ ಕೊಡಬೇಡಿ’ ಅಂತ ಬೋರ್ಡ್ ಹಾಕಿ, ಕೆಳಗೆ 112 ಅಂತ ಬರೆಯಬೇಕು. ಒಂದು ಪ್ರತಿ ಪಾಲಿಕೆಗೆ, ಒಂದು ಪ್ರತಿ ಠಾಣೆಗೆ. ಸಹಿ ಹಾಕುವವರು ಭಾನುವಾರ ಬೆಳಿಗ್ಗೆ ಪಾರ್ಕಿನ ಗೇಟಿನ ಹತ್ತಿರ ಬನ್ನಿ, ಕಾಗದ ನನ್ನ ಹತ್ತಿರವೇ ಇರುತ್ತದೆ.