ಕೋಟೆ ಶಾಲೆಯ ಹರಿದ ಕಾರ್ಡುಗಳು

2025 ಜುಲೈ 12, ಶನಿವಾರ
ಮೈಸೂರು

ಎಚ್.ಡಿ. ಕೋಟೆ ತಾಲೂಕಿನ ಸರ್ಕಾರಿ ಶಾಲೆಯಲ್ಲಿ ಸೇವೆ ಮಾಡೋಕೆ ಅಂತ ಅಮೆರಿಕದಿಂದ ಬಂದ ನಮ್ಮ ಗುಂಪು ನಿನ್ನೆ ರಾತ್ರಿ ಅಲ್ಲಿಂದ ಮೈಸೂರಿಗೆ ವಾಪಸ್ ಬಂತು. ಆಷಾಢ ಶುಕ್ರವಾರ ಬೇರೆ. ಚಾಮುಂಡಿ ಬೆಟ್ಟಕ್ಕೆ ಹೋಗಿಬಂದವರಿಂದ ಬಸ್‌ಸ್ಟ್ಯಾಂಡ್ ಗಿಜಿಗಿಜಿ ಅನ್ನುತ್ತಿತ್ತು. ಮಳೆಯಂತೂ ಹ್ಯಾಂಡ್‌ಪೋಸ್ಟ್ ದಾಟಿದ ಮೇಲೂ ಬಿಡಲಿಲ್ಲ. ದೊಡ್ಡಮ್ಮ ಬಾಗಿಲಲ್ಲೇ ನಿಲ್ಲಿಸಿ, "ಆ ಬಟ್ಟೆ ಎಲ್ಲ ಬಕೆಟ್‌ಗೆ ಹಾಕು ಮೊದಲು, ಆಮೇಲೆ ಮಾತು" ಅಂದರು. ಇವತ್ತು ಬೆಳಿಗ್ಗೆಯಿಂದ ಸುಮ್ನೆ ಕೂತಿದ್ದೇನೆ. ಮರೆಯೋ ಮುಂಚೆ ಬರೆದಿಡಬೇಕು.

ಗುಂಪಿನಲ್ಲಿ ವಯಸ್ಸಿಗೆ ನಾನೇ ದೊಡ್ಡವಳು. ಎಂಟನೇ ಕ್ಲಾಸಿನ ತನಕ ಇಲ್ಲೇ ಕುವೆಂಪುನಗರದಲ್ಲಿ ಓದಿ, ಆಮೇಲೆ ಅಪ್ಪನ ಕೆಲಸ ಅಂತ ನ್ಯೂಜೆರ್ಸಿಗೆ ಹೋದವಳು. ಉಳಿದವರೆಲ್ಲ ಅಲ್ಲೇ ಹುಟ್ಟಿದ ಹೈಸ್ಕೂಲ್ ಮಕ್ಕಳು. ಎಡಿಸನ್, ಡಲ್ಲಾಸ್, ಸಿಯಾಟಲ್ ಕಡೆಯವರು. ಅಜ್ಜಿ ಜೊತೆ ಫೋನಲ್ಲಿ ಮಾತಾಡುವಷ್ಟು ಕನ್ನಡ ಬರುತ್ತೆ, ಓದೋಕೆ ಬರಲ್ಲ. ಹಾಗಾಗಿ ಮೇಷ್ಟ್ರು ಹೇಳಿದ್ದನ್ನು ಇವರಿಗೆ ಹೇಳೋದು, ಇವರು ಹೇಳಿದ್ದನ್ನು ಮೇಷ್ಟ್ರಿಗೆ ಹೇಳೋದು ನನ್ನ ಪಾಲಿನ ಕೆಲಸ.

ನಾವು ಮಾಡಬೇಕಾದ್ದೇನು ಅಂತ ಮಾರ್ಚ್‌ನಲ್ಲೇ ವಿಡಿಯೋ ಕಾಲ್‌ನಲ್ಲಿ ತೀರ್ಮಾನ ಆಗಿತ್ತು. ಶಾಲೆಯ ಗೋಡೆ ಮೇಲೆ ದೊಡ್ಡ ಪ್ರಪಂಚದ ನಕ್ಷೆ ಬರೆಯೋದು, ಮಧ್ಯಾಹ್ನ ಇಂಗ್ಲಿಷ್ ಕ್ಯಾಂಪ್. ಅಪ್ಪ-ಅಮ್ಮಂದಿರು ಸೇರಿ ಚೆಂದದ ಸ್ಲೈಡುಗಳನ್ನೂ ಮಾಡಿದ್ದರು. ಆ ಕಾಲ್‌ನಲ್ಲಿ ಶಾಲೆಯವರು ಒಬ್ಬರೂ ಇರಲಿಲ್ಲ. ಅಮೆರಿಕದಲ್ಲಿ ಬೇಸಿಗೆ ರಜೆ ಅಂದರೆ ಇಲ್ಲಿ ಮಳೆಗಾಲ. ಶಾಲೆ ಆಗಷ್ಟೇ ಶುರುವಾಗಿ, ಹಿಂದಿನ ವರ್ಷದ ಪಾಠ ನೆನಪಿಸೋ ಸೇತುಬಂಧ ಮುಗಿದು, ಒಂದನೇ ಕ್ಲಾಸಿನ ಮಕ್ಕಳು ಅಳೋದು ನಿಲ್ಲಿಸಿ ಕೂರೋಕೆ ಕಲಿಯೋ ಹೊತ್ತು. ಅದರಲ್ಲೂ ಈ ವರ್ಷ ಮುಂಗಾರು ಮೇ ತಿಂಗಳಲ್ಲೇ ಬಂದುಬಿಟ್ಟಿದೆ. ನಾವು ಬಣ್ಣದ ಡಬ್ಬ ಇಳಿಸಿದ್ದು ನೋಡಿ ಮೇಷ್ಟ್ರು ಗೋಡೆಗೆ ಅಂಗೈ ಒತ್ತಿ ತೋರಿಸಿದರು. ಕೈ ಒದ್ದೆ. "ಇದು ಒಣಗೋದು ದೀಪಾವಳಿಗೆ ಕಣಮ್ಮ."

"ಹಾಗಾದ್ರೆ ನಿಮಗೆ ಏನು ಬೇಕು ಸರ್?" ಅಂತ ಕೇಳಿದ್ದು ನಾನಲ್ಲ, ಸಿಯಾಟಲ್ ಹುಡುಗಿ. ಅದೂ ಅವಳದೇ ಕನ್ನಡದಲ್ಲಿ. ಮೇಷ್ಟ್ರು ಒಂದು ನಿಮಿಷ ತಡೆದು, ಒಳಗಿಂದ ಪ್ಲಾಸ್ಟಿಕ್ ಟ್ರೇಗಳನ್ನು ತಂದು ನಮ್ಮ ಮುಂದಿಟ್ಟರು. ತುಂಬಾ ಕಾರ್ಡುಗಳು. ಮೂಲೆ ಕಿತ್ತವು, ನೀರು ಕುಡಿದವು, ನಂಬರು ಅಳಿಸಿಹೋದವು. ಯಾವ ಟ್ರೇದು ಯಾವುದರಲ್ಲೋ. "ಇದನ್ನ ಜೋಡಿಸಿಕೊಡಿ ಸಾಕು. ನನಗೆ ಪುರುಸೊತ್ತೇ ಆಗ್ತಿಲ್ಲ."

ಇವು ನಲಿ-ಕಲಿ ಅನ್ನೋ ಕಲಿಕಾ ಪದ್ಧತಿಯ ಕಾರ್ಡುಗಳು. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ರೂಮಿನಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತೆ. ಮಗು ಹೋಗಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನೋಡಿಕೊಂಡು, ಆ ನಂಬರಿನ ಕಾರ್ಡನ್ನು ಟ್ರೇಯಿಂದ ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತೆ. ತಲೆ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನು ನೇತು ಹಾಕಿರುತ್ತಾರೆ, ಅದಕ್ಕೆ ಚಪ್ಪರ ಅಂತಾರೆ. ಗೋಡೆಯ ಕೆಳಗಡೆ ಮಕ್ಕಳ ಕೈಗೆ ಸಿಗೋ ಹಾಗೆ ಕಪ್ಪು ಹಲಗೆ. ವಾರ ರಜೆ ಹಾಕಿ ಬಂದ ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಯುತ್ತೆ. ಅಪ್ಪ-ಅಮ್ಮ ಕೂಲಿಗೆ ಅಂತ ಕೊಡಗಿನ ಕಾಫಿ ತೋಟಕ್ಕೆ ಹೋದರೆ ಜೊತೆಗೆ ಹೋಗಿಬಿಡೋ ಮಕ್ಕಳಿರುವ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಆದರೆ ಒಂದು ಕಾರ್ಡು ಕಾಣೆಯಾದರೆ ಆ ಮೆಟ್ಟಿಲಲ್ಲಿರೋ ಮಗು ಅಲ್ಲೇ ನಿಲ್ಲುತ್ತೆ. ಮೇಷ್ಟ್ರು ಒಬ್ಬರೇ, ಕ್ಲಾಸು ಮೂರು. ಕಾಣೆಯಾದ ಕಾರ್ಡನ್ನು ಅವರು ಹುಡುಕಿ ಕೊಡೋ ಹೊತ್ತಿಗೆ ಇನ್ನೊಂದು ಗುಂಪಿನಲ್ಲಿ ಜಡೆ ಎಳೆಯೋ ಜಗಳ ಶುರುವಾಗಿರುತ್ತೆ.

ಇದು ಹುಟ್ಟಿದ್ದೇ ಈ ತಾಲೂಕಿನಲ್ಲಿ. ಇಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಪದ್ಧತಿ ನೋಡಿಕೊಂಡು ಬಂದು, 1995ರಲ್ಲಿ ಯುನಿಸೆಫ್ ನೆರವಿನಿಂದ ಶುರು ಮಾಡಿದರು. 2009ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ಇದನ್ನು ನಾನು ಹೇಳಿದಾಗ ನಮ್ಮ ಹುಡುಗರು ನಂಬಲಿಲ್ಲ. ಹಿಂದುಳಿದ ತಾಲೂಕು ಅಂತ ಸ್ಲೈಡಿನಲ್ಲಿ ಓದಿಕೊಂಡು ಬಂದವರು. ಅಲ್ಲಿಂದ ಏನಾದರೂ ಹೊರಗೆ ಹೋಗಿರಬಹುದು ಅಂತ ಅವರಿಗೆ ಹೊಳೆದಿರಲಿಲ್ಲ.

ಕೂತೆವು. ವರಾಂಡದಲ್ಲಿ ಚಾಪೆ ಹಾಸಿಕೊಂಡು, ಕತ್ತರಿ, ಟೇಪು, ಮೈಸೂರಿಂದ ತರಿಸಿದ ಲ್ಯಾಮಿನೇಷನ್ ಶೀಟು, ರಬ್ಬರ್ ಬ್ಯಾಂಡು. ಬೇಜಾರಿನ ಕೆಲಸ, ಸುಳ್ಳು ಯಾಕೆ ಹೇಳಲಿ. ಮೊದಲ ದಿನ ಡಲ್ಲಾಸ್ ಹುಡುಗ ಎರಡು ಸಲ ಎದ್ದುಹೋದ. ಆದರೆ ಓದೋಕೆ ಬರದೆ ಇದ್ದರೆ ಕಾರ್ಡು ಜೋಡಿಸೋದು ಹೇಗೆ? ನಲಿ-ಕಲಿಯಲ್ಲಿ ಅ, ಆ, ಇ, ಈ ಅಂತ ಶುರುವಾಗಲ್ಲ. ರ, ಗ, ಸ, ದ, ಅ. ಬರೆಯೋಕೆ ಸುಲಭ, ಈ ಐದರಲ್ಲೇ ಸರ, ರಸ, ಅರಸ, ಗರಗಸ ಅಂತ ಓದೋಕೆ ಪದಗಳೂ ಸಿಗುತ್ತವೆ. ಪಕ್ಕದಲ್ಲಿ ಬಂದು ಕೂತ ಎರಡನೇ ಕ್ಲಾಸಿನ ಹುಡುಗಿ, ಆ ಡಲ್ಲಾಸ್ ಹುಡುಗ ಗ ಮತ್ತು ಸ ಅದಲುಬದಲು ಇಟ್ಟಿದ್ದನ್ನು ನೋಡಿ, ಮಾತಾಡದೆ, ಕಾರ್ಡು ತೆಗೆದು ಸರಿಯಾದ ಕಡೆ ಇಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ತಪ್ಪಿದ. ಮತ್ತೆ ಇಟ್ಟಳು. ಮೂರನೇ ಸಲಕ್ಕೆ "ಅಣ್ಣಂಗೆ ಬರಾಕಿಲ್ಲ ಸಾ" ಅಂತ ಒಳಗೆ ಕೂಗಿ ಹೇಳಿದಳು. ಅವನ ಮುಖ ಕೆಂಪೇರಿತು. ಮರುದಿನದಿಂದ ಎದ್ದುಹೋಗಲಿಲ್ಲ. ಬರುವ ಹೊತ್ತಿಗೆ ಗರಗಸ ಅಂತ ನಿಲ್ಲಿಸಿ ನಿಲ್ಲಿಸಿ ಓದುತ್ತಿದ್ದ.

"ನಾವು ಕಲಿಸೋಕೆ ಹೋದೆವು, ಆ ಮಕ್ಕಳೇ ನಮಗೆ ಕಲಿಸಿದರು" ಅಂತ ಈಗಾಗಲೇ ಒಬ್ಬರು ಪೋಸ್ಟ್ ಹಾಕಿದ್ದಾರೆ. ನನಗೆ ಆ ಮಾತು ಆಗಿಬರಲ್ಲ. ಆ ಹುಡುಗಿ ಯಾರಿಗೂ ಏನೂ ಕಲಿಸೋಕೆ ಹೊರಟಿರಲಿಲ್ಲ. ಅವಳ ಕಾರ್ಡು ಅವಳ ಟ್ರೇಯಲ್ಲಿರಬೇಕಿತ್ತು, ಅಷ್ಟೇ.

ಇನ್ನೊಂದು ಪೋಸ್ಟ್ ವಿಷಯ. ಒಬ್ಬ ಹುಡುಗ ಕ್ಲಾಸಿನ ಫೋಟೋ ಹಾಕಿ, ಇವರ ಕಾಲಿಗೆ ಚಪ್ಪಲಿಯೂ ಇಲ್ಲ ಅಂತ ಬರೆದಿದ್ದ. ನಾನು ಅವನನ್ನು ಬಾಗಿಲ ಹೊರಗೆ ಕರೆದುಕೊಂಡು ಹೋದೆ. ಸರ್ಕಾರ ಕೊಟ್ಟ ಕಪ್ಪು ಶೂಗಳು ಸಾಲಾಗಿ ಇದ್ದವು, ಒಳಗೆ ಸಾಕ್ಸ್ ತುರುಕಿ. ನೆಲದ ಮೇಲೆ ಕೂತು ಓದುವ ರೂಮಿಗೆ ಯಾರಾದರೂ ಶೂ ಹಾಕಿಕೊಂಡು ಹೋಗ್ತಾರಾ? ಅವನೂ ತನ್ನದನ್ನು ಅಲ್ಲೇ ಬಿಟ್ಟಿದ್ದ. ಪೋಸ್ಟ್ ತೆಗೆದ. ಮಕ್ಕಳ ಮುಖದ ಫೋಟೋ ಇನ್ನು ಬೇಡ ಅಂತ ಅವತ್ತೇ ಎಲ್ಲರಿಗೂ ಹೇಳಿದೆ.

ಭಾನುವಾರ ನಾಗರಹೊಳೆ ಕಾಡಿನ ದಮ್ಮನಕಟ್ಟೆಯಲ್ಲಿ ಸಫಾರಿ. ಆನೆ ಕಂಡಿತು, ಎಲ್ಲರೂ ಖುಷಿ. ಶಾಲೆಯ ಅರ್ಧ ಮಕ್ಕಳು ಹಿಂದೆ ಇದೇ ಕಾಡಿನಲ್ಲಿದ್ದ ಬುಡಕಟ್ಟಿನವರಾದ ಜೇನು ಕುರುಬರ ಹಾಡಿಯಿಂದ ಬರುವವರು. ಬಿಸಿಯೂಟ ಮಾಡುವ ಅಮ್ಮ ಸೋಮವಾರ ಮೊಟ್ಟೆ ಸುಲಿಯುತ್ತಾ, "ಎಲ್ಲಿಗೆ ಹೋಗಿದ್ರವ್ವಾ?" ಅಂತ ಕೇಳಿದರು. ಹೇಳಿದೆ. "ನಮ್ಮವ್ವ ಹುಟ್ಟಿದ್ದು ಅದ್ರೊಳಗೇ. ಈಗ ನಾವು ಹೋದ್ರೆ ಗಾರ್ಡು ಕೇಳ್ತಾನೆ" ಅಂದರು, ಬೇಸರವೂ ಇಲ್ಲದ ದನಿಯಲ್ಲಿ. 1972ರ ವನ್ಯಜೀವಿ ಕಾಯ್ದೆ, ಅದರ ಮರುವರ್ಷದ ಹುಲಿ ಯೋಜನೆ, ಆಮೇಲೆ ಕಾಡಿನಿಂದ ಹೊರಗೆ ಹಾಕಿದ್ದು, 2006ರ ಅರಣ್ಯ ಹಕ್ಕು ಕಾಯ್ದೆ ಬಂದರೂ ಅರ್ಜಿಗಳು ಕೊಳೆಯುತ್ತಿರೋದು, ಇದೆಲ್ಲ ನಮ್ಮ ಸ್ಲೈಡಿನಲ್ಲಿ ಒಂದು ಸಾಲೂ ಇರಲಿಲ್ಲ. ಈ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಕಡೆ ಕೆಲವು ಜೇನು ಕುರುಬ ಕುಟುಂಬಗಳು ತಮ್ಮ ಹಳೇ ಜಾಗಕ್ಕೇ ಹೋಗಿ ಗುಡಿಸಲು ಹಾಕಿಕೊಂಡರು. ನಾವು ಟಿಕೆಟ್ ತೆಗೆದುಕೊಂಡು ಜೀಪಿನಲ್ಲಿ ಹೋಗಿಬಂದೆವು.

ಕೊನೆಯ ಸಂಜೆ ಎಲ್ಲರೂ ಸುತ್ತ ಕೂತು ಅನಿಸಿದ್ದನ್ನು ಹೇಳಬೇಕು ಅಂತಾಯಿತು. ನಾವು ಎಷ್ಟು ಅದೃಷ್ಟವಂತರು ಅನ್ನೋ ಮಾತು ನಾಲ್ಕು ಬಾಯಲ್ಲಿ ಬಂತು. ಎಡಿಸನ್ ಹುಡುಗಿ ಮಾತ್ರ ನೇರವಾಗಿ ಕೇಳಿದಳು: ವಿಮಾನದ ಟಿಕೆಟ್ ದುಡ್ಡನ್ನೇ ಕಳಿಸಿದ್ದರೆ ಇನ್ನೊಬ್ಬ ಟೀಚರ್‌ಗೆ ಒಂದು ವರ್ಷ ಸಂಬಳ ಆಗುತ್ತಿರಲಿಲ್ವಾ? ನಮ್ಮನ್ನು ಕರೆಸಿಕೊಂಡ ಸಂಸ್ಥೆಯವರು ನಕ್ಕರು. ಅವಳದು ಅಮೆರಿಕದ ಪಾಸ್‌ಪೋರ್ಟು, ಭಾರತ ಮೂಲದ ವಿದೇಶಿಯರಿಗೆ ಕೊಡೋ ಓಸಿಐ ಕಾರ್ಡಿದ್ದರೂ ಅವಳ ದುಡ್ಡು ವಿದೇಶಿ ದೇಣಿಗೆ. ತಗೊಳ್ಳೋ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇರಬೇಕು, 2020ರ ತಿದ್ದುಪಡಿ ಆದಮೇಲೆ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನನ್ನದು ಇನ್ನೂ ಭಾರತದ ಪಾಸ್‌ಪೋರ್ಟು, ನನ್ನ ಉಳಿತಾಯದ ದುಡ್ಡಿಗೆ ಈ ತಾಪತ್ರಯ ಇಲ್ಲ. ಒಂದೇ ಚಾಪೆ ಮೇಲೆ ಕೂತ ಇಬ್ಬರ ನೂರು ಡಾಲರಿಗೆ ಎರಡು ದಾರಿ. ಇಷ್ಟೆಲ್ಲ ಹೇಳಿದರೂ ಅವಳ ಪ್ರಶ್ನೆ ಹಾಗೇ ಉಳಿಯಿತು, ಉಳಿಯಲೂಬೇಕು. ಇಂಥ ಪ್ರವಾಸ ಬಂದವರಿಗಾಗಿ ಇರೋದು. ಅದನ್ನು ಒಪ್ಪಿಕೊಂಡು, ಶಾಲೆಗೆ ಕಾಟ ಕೊಡದ ಹಾಗೆ, ಮಾರ್ಚ್‌ನಲ್ಲೇ ಮೇಷ್ಟ್ರಿಗೆ ಒಂದು ಫೋನ್ ಮಾಡಿ ಬಂದರೆ ನನ್ನ ತಕರಾರಿಲ್ಲ. ಅದರಲ್ಲೂ ಡಿಸೆಂಬರ್ ಆದರೆ ಗೋಡೆಯೂ ಒಣಗಿರುತ್ತೆ.

ಇನ್ನೊಂದು ಕೆಲಸ ಬಾಕಿ. ಕಾಲೇಜು ಅರ್ಜಿಗೆ ಅಂತ ಈ ಮಕ್ಕಳಿಗೆಲ್ಲ ಸೇವೆಯ ಗಂಟೆಗಳ ಲೆಕ್ಕ ಬೇಕು. ದೊಡ್ಡವಳು ಅಂತ ಫಾರಂ ತುಂಬೋದು ನನಗೆ ಬಿತ್ತು. ಎಷ್ಟು ಜನರಿಗೆ ಪ್ರಯೋಜನ ಆಯಿತು ಅನ್ನೋ ಜಾಗದಲ್ಲಿ "ಕಾರ್ಡು ಜೋಡಿಸಿದೆವು" ಅಂತ ಬರೆದರೆ ತಗೊಳ್ಳಲ್ಲ, ಅಂಕಿಯೇ ಬೇಕಂತೆ. ಒಬ್ಬರ ಅಮ್ಮ ಫೋನ್ ಮಾಡಿ, "ಒಂದು ಇನ್ನೂರು ಅಂತ ಹಾಕಮ್ಮ, ಯಾರು ಬಂದು ಎಣಿಸ್ತಾರೆ" ಅಂದರು. ಸಾಕಾಗಿ ಮೇಷ್ಟ್ರಿಗೇ ಫೋನ್ ಹಚ್ಚಿದೆ.

"ನನ್ನ ಹಾಜರಿ ಪುಸ್ತಕದಲ್ಲಿ ಇರೋದೇ ಇಪ್ಪತ್ತಾರು ಕಣಮ್ಮ" ಅಂದರು. ಆಮೇಲೆ, "ಸೋಮವಾರ ಒಬ್ಬಳು ಹೊಸದಾಗಿ ಸೇರ್ತಾಳೆ. ಇಪ್ಪತ್ತೇಳು ಅಂತ ಹಾಕಿದ್ರೂ ನಡೆಯುತ್ತೆ."

ಇಪ್ಪತ್ತೇಳು ಹಾಕಿದೆ.