ಕತ್ತಲಲ್ಲಿ ಯಾರು ಯಾರಿಗೆ ಹೊಡೆದ್ರು?

ನಾನು ಬೆಂಗಳೂರಿನಲ್ಲಿ ಕಲರಿಸ್ಟ್. ಚಿತ್ರೀಕರಣ, ಎಡಿಟಿಂಗ್ ಎಲ್ಲ ಮುಗಿದ ಮೇಲೆ ಧಾರಾವಾಹಿ, ವೆಬ್ ಸರಣಿಗಳ ಬೆಳಕು ಬಣ್ಣ ತಿದ್ದುವುದು ನನ್ನ ಕೆಲಸ. ದಿನಕ್ಕೆ ಹತ್ತು ಗಂಟೆ ಕತ್ತಲೆ ಕೋಣೆಯಲ್ಲಿ ಕೂತು, ಒಂದು ಮುಖ ಹಿಂದಿನ ಗೋಡೆಯಿಂದ ಎಷ್ಟು ಬಿಡಿಸಿಕೊಂಡು ಕಾಣಬೇಕು ಅಂತ ಗುಂಡಿ ತಿರುಗಿಸುತ್ತಾ ಇರುತ್ತೇನೆ. ಈ ಕೆಲಸದ ಅತಿ ಮುಖ್ಯವಾದ ಸಂಗತಿಯನ್ನು ನನಗೆ ಕಲಿಸಿದವರು 2019ರ ಏಪ್ರಿಲ್‌ನಲ್ಲಿ ‘ಏನೂ ಕಾಣಲಿಲ್ಲ’ ಅಂತ ಸಿಟ್ಟಾದ, ‘ಗೇಮ್ ಆಫ್ ಥ್ರೋನ್ಸ್’ ಎಂಬ ಅಮೆರಿಕದ ಟಿವಿ ಸರಣಿಯ ಅಭಿಮಾನಿಗಳು, ಮತ್ತೆ ಅರಸೀಕೆರೆಯ ನನ್ನ ಸೋದರತ್ತೆ. ಅಭಿಮಾನಿಗಳು ಹೇಳಿದಾಗ ನನಗೆ ಅರ್ಥವಾಗಲಿಲ್ಲ. ಅತ್ತೆ ಹೇಳಿದಾಗ ಆಯಿತು.

‘ಗೇಮ್ ಆಫ್ ಥ್ರೋನ್ಸ್’ ನೋಡಿದವರಿಗೆ ಆ ಸೋಮವಾರ ನೆನಪಿರುತ್ತೆ. ಎಂಟನೇ ಸೀಸನ್‌ನ ಮೂರನೇ ಸಂಚಿಕೆ, ‘ದಿ ಲಾಂಗ್ ನೈಟ್’. 2011ರಲ್ಲಿ ಶುರುವಾದ ಕತೆಯ ಮೊಟ್ಟಮೊದಲ ದೃಶ್ಯದಲ್ಲೇ ಹಿಮದಾಚೆಯಿಂದ ಬಂದ ಸಾವನ್ನು ತೋರಿಸಿದ್ದರು. ಆ ಸಾವು ಕೊನೆಗೂ ವಿಂಟರ್‌ಫೆಲ್ ಕೋಟೆಯ ಬಾಗಿಲಿಗೆ ಬಂದು ನಿಲ್ಲುವ ಸಂಚಿಕೆ ಇದು. ಒಟ್ಟು 82 ನಿಮಿಷ, ಇಡೀ ಸರಣಿಯಲ್ಲೇ ಉದ್ದದ್ದು. ಉತ್ತರ ಐರ್ಲೆಂಡಿನ ಚಳಿಯಲ್ಲಿ 55 ರಾತ್ರಿ ಹೊರಾಂಗಣದಲ್ಲಿ ಚಿತ್ರೀಕರಣ ಮಾಡಿದ್ದಾರೆ ಅಂತ ಮೊದಲೇ ಸುದ್ದಿಯಾಗಿತ್ತು. ಎಂಟು ವರ್ಷ ಕಾದಿದ್ದವರ ಎದೆಬಡಿತ ಹೇಗಿರಬೇಡ!

ಅಮೆರಿಕದವರು ಅದನ್ನು ಏಪ್ರಿಲ್ 28ರ ಭಾನುವಾರ ರಾತ್ರಿ ಒಂಬತ್ತಕ್ಕೆ ನೋಡಿದರು. ನಮಗೆ ಅದೇ ಗಳಿಗೆ ಅಂದರೆ ಸೋಮವಾರ ಬೆಳಿಗ್ಗೆ ಆರೂವರೆ. ರಾಜಾಜಿನಗರದ ಗೆಳೆಯನ ಮನೆಯಲ್ಲಿ ಐದು ಜನ ಸೇರಿದ್ದೆವು. ಆರಕ್ಕೇ ಸೂರ್ಯ ಹುಟ್ಟಿ, ಪೂರ್ವದ ಕಿಟಕಿಯಿಂದ ಬೆಳಕು ನೇರ ಟಿವಿಗೆ ಬೀಳುತ್ತಿತ್ತು. ಪರದೆ ಎಳೆದೆವು, ಸಾಲಲಿಲ್ಲ. ಅದರ ಮೇಲೆ ಬೆಡ್‌ಶೀಟ್ ಸಿಕ್ಕಿಸಿದೆವು. ಕೊನೆಗೆ ಗೆಳೆಯ ಅಟ್ಟದಿಂದ ಅಜ್ಜನ ಕಂಬಳಿ ಇಳಿಸಿ ಕಿಟಕಿಗೆ ಹೊದಿಸಿದ. ಏಪ್ರಿಲ್ ಸೆಖೆ, ಫ್ಯಾನ್ ಸದ್ದಾಗುತ್ತೆ ಅಂತ ಆಫ್. ಐದೂ ಜನ ಬೆವರುತ್ತಾ ವಿಂಟರ್‌ಫೆಲ್‌ನ ಹಿಮಪಾತ ನೋಡಿದೆವು.

ನಾನಾಗ ಜೂನಿಯರ್. ಕೆಲಸ ಹೊಸದು, ಕಣ್ಣು ಚುರುಕು, ಕೊಬ್ಬು ಸ್ವಲ್ಪ ಜಾಸ್ತಿ. ಮೊದಲ ಹತ್ತು ನಿಮಿಷ ನೋಡಿ ಮೂಕನಾಗಿಬಿಟ್ಟೆ. ಮಾಟಗಾತಿ ಮೆಲಿಸಾಂಡ್ರೆ ಮಂತ್ರ ಹೇಳುತ್ತಾಳೆ, ಡೋತ್ರಾಕಿ ಸವಾರರ ಬಾಗಿದ ಕತ್ತಿಗಳಿಗೆಲ್ಲ ಒಮ್ಮೆಲೇ ಬೆಂಕಿ ಹತ್ತುತ್ತೆ. ಆ ಬೆಂಕಿಯ ಹೊಳೆ ಕತ್ತಲೊಳಗೆ ನುಗ್ಗುತ್ತೆ. ದೂರದಿಂದ ನೋಡುತ್ತಾ ಇದ್ದ ಹಾಗೆ ಒಂದೊಂದೇ ಚುಕ್ಕಿ ಆರುತ್ತಾ ಹೋಗುತ್ತೆ. ಎಲ್ಲ ಆರಿ ಕಪ್ಪು. ಆ ಕಪ್ಪಿನಲ್ಲಿ ಏನೂ ಕಾಣಿಸುವುದಿಲ್ಲ, ಆದರೂ ಏನಾಯಿತು ಅಂತ ಮಗುವಿಗೂ ತಿಳಿಯುತ್ತೆ. ಕತ್ತಲೆಯನ್ನು ಅಷ್ಟು ಚೆನ್ನಾಗಿ ದುಡಿಸಿಕೊಂಡ ದೃಶ್ಯವನ್ನು ನಾನು ಟಿವಿಯಲ್ಲಿ ಬೇರೆ ಕಂಡಿಲ್ಲ.

ಆಮೇಲೆ ಹಿಮಗಾಳಿ ಬಂತು. ಮೇಲೆ ಡ್ರ್ಯಾಗನ್‌ಗಳ ಕಾಳಗ. ಪಕ್ಕದಲ್ಲಿದ್ದವ ಕೇಳಿದ: ‘ಇದ್ಯಾವ್ದೋ? ಡ್ರೋಗಾನಾ ರೇಗಲ್ಲಾ?’ ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಕೆಳಗೆ ಕೋಟೆಗೋಡೆಯ ಹತ್ತಿರ ಯಾರು ಬಿದ್ದರು, ಯಾರು ಉಳಿದರು ಅಂತ ಇನ್ನೊಬ್ಬ. ಬಾಣಲೆ ತಳದಂಥ ಕಪ್ಪಿನಲ್ಲಿ ಬೂದು ಚೌಕಗಳು ಹರಿದಾಡುತ್ತಿದ್ದವು. ಒಬ್ಬ ಎದ್ದು ರಿಮೋಟ್ ತಗೊಂಡು ಬ್ರೈಟ್‌ನೆಸ್ ಏರಿಸಿದ, ನಾನು ಕಿತ್ತುಕೊಂಡು ಇಳಿಸಿದೆ. ‘ಕೆಡಿಸ್ಬೇಡ, ಅವ್ರು ಹಾಗೇ ಮಾಡಿರೋದು’ ಅಂದೆ. ಕಷ್ಟಪಟ್ಟು ಎದ್ದು ಬಂದು ಕೂತವನ ಕೈಯಿಂದ ರಿಮೋಟ್ ಕಿತ್ತುಕೊಂಡದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಸತ್ತವರ ಸೈನ್ಯದ ದೊರೆ ನೈಟ್ ಕಿಂಗ್‌ನನ್ನು ಕೊಲ್ಲಲು ವಿಂಟರ್‌ಫೆಲ್‌ನ ಹುಡುಗಿ ಆರ್ಯಾ ಹಾರಿ ಬಂದಾಗ ಮಾತ್ರ ಎಲ್ಲರೂ ಕಿರುಚಿದೆವು. ಷಿಕಾಗೋದ ಒಂದು ಬಾರಿನಲ್ಲಿ ಜನ ಕುಣಿದು ಕೂಗಿದ ವಿಡಿಯೋ ಆಮೇಲೆ ಲೋಕವೆಲ್ಲ ಸುತ್ತಿತಲ್ಲ, ನಮ್ಮ ಕಂಬಳಿ ಹೊದ್ದ ಕೋಣೆಯೂ ಹಾಗೇ ಇತ್ತು. ಆ ಕ್ಷಣವನ್ನು ವೃತ್ತಿಯ ಕಣ್ಣಿಂದ ಆಮೇಲೆ ಹತ್ತಾರು ಸಲ ನೋಡಿದ್ದೇನೆ. ನೈಟ್ ಕಿಂಗ್‌ನ ಮುಖಕ್ಕೆ ಬೆಳಕಿದೆ. ಆರ್ಯಾಳ ಎಡಗೈ ಬಿಟ್ಟ ಬಾಕು ಬಲಗೈಗೆ ಬೀಳುವುದು ಹತ್ತಿರದಿಂದ, ಸ್ಪಷ್ಟವಾಗಿ ಇದೆ. ಅಂದರೆ ಜನ ಏನನ್ನು ನೋಡಲೇಬೇಕೋ ಅಲ್ಲಿ ಅವರು ಬೆಳಕು ಇಟ್ಟಿದ್ದರು. ಅದಕ್ಕೇ ಬಾರಿನಲ್ಲಿದ್ದವರೂ ಕಂಬಳಿಯೊಳಗಿದ್ದವರೂ ಒಂದೇ ಕ್ಷಣಕ್ಕೆ ಕಿರುಚಿದ್ದು.

ಅದೇ ದಿನದಿಂದ ದೂರುಗಳು ಶುರುವಾದವು. ಕುದುರೆಪಡೆಯನ್ನು ಮೊದಲೇ ಯಾಕೆ ಕಳಿಸಿದರು, ಕವಣೆ ಯಂತ್ರಗಳನ್ನು ಕೋಟೆಯ ಹೊರಗೆ ಯಾಕೆ ಇಟ್ಟರು, ಸತ್ತವರನ್ನು ಎಬ್ಬಿಸುವ ಶತ್ರು ಬರುವಾಗ ಹೆಂಗಸರು ಮಕ್ಕಳನ್ನು ಸಮಾಧಿಗಳ ನಡುವೆ ಯಾಕೆ ಬಚ್ಚಿಟ್ಟರು. ಇವೆಲ್ಲ ಕತೆಯ ಜಗಳ, ನ್ಯಾಯವಾದದ್ದೇ. ಆದರೆ ಅತಿ ಹೆಚ್ಚು ಕೇಳಿಬಂದದ್ದು ಒಂದೇ ಮಾತು: ಕತ್ತಲೆ, ಏನೂ ಕಾಣಲಿಲ್ಲ. ಕೆಲವರು ತಾವೇ ಚಿತ್ರಗಳ ಬೆಳಕು ಏರಿಸಿ ‘ನೋಡಿ, ಇಲ್ಲಿ ಇಷ್ಟೆಲ್ಲ ಇತ್ತು’ ಅಂತ ಹಂಚಿಕೊಂಡರು. ಛಾಯಾಗ್ರಾಹಕ ಫೇಬಿಯನ್ ವ್ಯಾಗ್ನರ್ ಸಂದರ್ಶನಗಳಲ್ಲಿ ಉತ್ತರ ಕೊಟ್ಟರು. ಕತ್ತಲೆ ಬೇಕೆಂದೇ ಮಾಡಿದ್ದು, ತುಂಬ ಜನಕ್ಕೆ ಟಿವಿ ಸರಿಯಾಗಿ ಹೊಂದಿಸಿಕೊಳ್ಳಲು ಬರುವುದಿಲ್ಲ, ಜೊತೆಗೆ ಪ್ರಸಾರದಲ್ಲಿ ಚಿತ್ರದ ಮಾಹಿತಿಯನ್ನು ಕುಗ್ಗಿಸುವುದರಿಂದಲೂ ತೊಂದರೆ ಆಗಿದೆ ಎಂಬರ್ಥದ ಮಾತು. ನಾನು ಆ ಮಾತನ್ನು ಗೆಳೆಯರಿಗೆಲ್ಲ ಕಳಿಸಿ ಗೆದ್ದವನ ಹಾಗೆ ಬೀಗಿದೆ.

ಅವರ ಮಾತು ತಾಂತ್ರಿಕವಾಗಿ ಸುಳ್ಳಲ್ಲ. ಮಾಮೂಲಿ 8 ಬಿಟ್ ಚಿತ್ರದಲ್ಲಿ ಬೆಳಕನ್ನು 0ಯಿಂದ 255ರವರೆಗಿನ ಅಂಕಿಗಳಲ್ಲಿ ಬರೆಯುತ್ತಾರೆ. ಅದರಲ್ಲಿ ಟಿವಿಗೆ ಹೋಗುವ ಕಪ್ಪು ಅಂದರೆ 16, ಬಿಳಿ ಅಂದರೆ 235. ಒಟ್ಟು 220 ಬೆಳಕಿನ ಮೆಟ್ಟಿಲು. ರಾತ್ರಿಯ ದೃಶ್ಯವನ್ನು ಕೆಳಗಿನ ಶೇಕಡಾ 10ರಲ್ಲಿ ಕೂರಿಸಿದರೆ ಕೈಗೆ ಸಿಗುವುದು 22 ಮೆಟ್ಟಿಲು. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ ಮಂಜಿನ ಆಕಾಶ ಎಡದಿಂದ ಬಲಕ್ಕೆ ನಿಧಾನವಾಗಿ ಕಪ್ಪಾಗಬೇಕು ಅನ್ನಿ. ಒಂದೊಂದು ಮೆಟ್ಟಿಲೂ 87 ಪಿಕ್ಸೆಲ್ ಅಗಲದ ಪಟ್ಟಿಯಾಗುತ್ತೆ, ಪಟ್ಟೆಪಟ್ಟೆ ಸೀರೆಯ ಹಾಗೆ ಕಣ್ಣಿಗೆ ಹೊಡೆಯುತ್ತೆ. ಇದನ್ನೇ ನಾವು ಬ್ಯಾಂಡಿಂಗ್ ಅನ್ನುವುದು. ಅದರ ಮೇಲೆ ಹೊಗೆ, ಹಿಮ. ಪ್ರತಿ ಫ್ರೇಮಿನಲ್ಲೂ ಪ್ರತಿ ಚುಕ್ಕಿಯೂ ಬದಲಾಗುವ ಚಿತ್ರವನ್ನು ಕುಗ್ಗಿಸುವುದು ಎನ್‌ಕೋಡರ್‌ಗೆ ಬಲು ಕಷ್ಟ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣ, ಸಾಲದಾದಾಗ ಅದು ಕತ್ತಲೆಯ ವಿವರಗಳನ್ನೇ ಮೊದಲು ಬಲಿಕೊಡುತ್ತೆ. ನಾವು ಕಂಡ ಬೂದು ಚೌಕಗಳು ಅವೇ. ಕತ್ತಿಗಳ ಬೆಂಕಿ ಆರುವ ದೃಶ್ಯ ಎಲ್ಲರ ಮನೆಯಲ್ಲೂ ಚೆನ್ನಾಗಿ ಕಂಡದ್ದಕ್ಕೂ ಇದೇ ಕಾರಣ: ಶುದ್ಧ ಕಪ್ಪು, ಅದರ ಮೇಲೆ ಉಜ್ವಲ ಚುಕ್ಕಿ. ಅದನ್ನು ಎಷ್ಟು ಕುಗ್ಗಿಸಿದರೂ ಉಳಿಯುತ್ತೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅದೇ ತಪ್ಪು ಮಾಡಿದೆ.

ಎರಡು ವರ್ಷ ಕಳೆದಿತ್ತು. ಜಾನಪದ ಕತೆಯೊಂದರ ಮೇಲೆ ಮಾಡಿದ ಕನ್ನಡ ಧಾರಾವಾಹಿ, ಭಾನುವಾರದ ಮಹಾಸಂಚಿಕೆ. ಕತೆಯ ದೊಡ್ಡ ಕಾಳಗ ಅದರಲ್ಲೇ ಬರಬೇಕು. ಸಕಲೇಶಪುರದ ಹತ್ತಿರ ಒಂದು ಹಳೇ ತೋಟದಲ್ಲಿ ಆರು ರಾತ್ರಿ ಚಿತ್ರೀಕರಿಸಿದ್ದರು. ಅಡಿಕೆ ಮರಗಳ ನಡುವೆ ಪಂಜು ಹಿಡಿದ ಇಪ್ಪತ್ತು ಜನ, ಮಂಜು, ಒಬ್ಬ ಹೆಣ್ಣುಮಗಳು ಒಂಟಿಯಾಗಿ ಕತ್ತಿ ಹಿಡಿದು ನಿಂತಿರುವುದು. ತುಣುಕುಗಳು ಬಂದಾಗ ನನಗೆ ಮೈ ಜುಂ ಅಂದಿತು. ಎಂಟು ದಿನ ಕೂತೆ. ಪಂಜಿನ ಬೆಳಕು ಮುಖದ ಒಂದಂಚಿಗೆ ಮಾತ್ರ ತಾಗುವ ಹಾಗೆ ಉಳಿಸಿಕೊಂಡು, ಮಿಕ್ಕದ್ದನ್ನೆಲ್ಲ ಒತ್ತಿ ಕತ್ತಲಿಗಿಳಿಸಿದೆ. ನಿರ್ದೇಶಕರು ನನ್ನ ಕೋಣೆಗೆ ಬಂದು ನೋಡಿ ಬೆನ್ನು ತಟ್ಟಿದರು. ಆ ಕೋಣೆಯಲ್ಲಿ ಅದು ನಿಜವಾಗಿಯೂ ಚೆನ್ನಾಗಿತ್ತು.

ಸಂಚಿಕೆ ಮುಗಿದ ಹತ್ತು ನಿಮಿಷಕ್ಕೆ ಅತ್ತೆಯ ಫೋನ್. ನಾನು ಮಾಡಿದ ಕೆಲಸ ಅಂತ ಓಣಿಯ ನಾಲ್ಕು ಮನೆಯವರನ್ನು ಕರೆದು ಕೂರಿಸಿಕೊಂಡಿದ್ದರು. ‘ಏನಪ್ಪಾ, ಬಳೆ ಸದ್ದು ಬಂತು, ಕತ್ತಿ ಸದ್ದು ಬಂತು, ಯಾರು ಯಾರಿಗೆ ಹೊಡೆದ್ರು ಅಂತ ಗೊತ್ತಾಗ್ಲಿಲ್ಲ. ಆ ಹುಡುಗಿ ಬದುಕಿದ್ದಾಳೋ ಇಲ್ವೋ?’

ನಾನು ಹೇಳಿದ್ದು: ‘ಅತ್ತೆ, ನಿಮ್ ಟಿವಿ ಸೆಟ್ಟಿಂಗ್ ಸರಿಯಿಲ್ಲ. ಬ್ರೈಟ್‌ನೆಸ್ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ.’ ಅವರು ಫೋನ್ ಹಿಡಿದುಕೊಂಡೇ ಮಾಡಿದರು. ‘ಈಗ ಎಲ್ಲಾ ಬೂದಿ ಬಳಿದ ಹಾಗಾಯ್ತಲ್ಲೋ’ ಅಂದರು. ಆಗುವುದೇ ಹಾಗೆ. ಬ್ರೈಟ್‌ನೆಸ್ ಏರಿಸಿದರೆ ಕಪ್ಪೂ ಏರುತ್ತೆ, ಮುಖವೂ ಏರುತ್ತೆ. ಎರಡರ ನಡುವಿನ ಅಂತರ ಅಷ್ಟೇ ಇರುತ್ತೆ. ಅಂತರ ಇಡಬೇಕಾದವನು ನಾನು, ಇಟ್ಟಿರಲಿಲ್ಲ. ಮರುದಿನ ಚಾನೆಲ್‌ಗೂ ಅದೇ ದೂರು ಹೋಗಿತ್ತು. ಅಲ್ಲಿಯೂ ನಾನು ಟಿವಿಗಳನ್ನೇ ಬೈದೆ.

ಆ ವಾರ ಅರಸೀಕೆರೆಗೆ ಹೋಗಬೇಕಾಗಿ ಬಂತು, ಬೇರೆ ಕೆಲಸಕ್ಕೆ. ಮಧ್ಯಾಹ್ನ ಮರುಪ್ರಸಾರ ಇತ್ತು. ಅತ್ತೆಯ ಹಜಾರದಲ್ಲಿ ಕೂತು ನೋಡಿದೆ. 32 ಇಂಚಿನ ಟಿವಿ, ಗೋಡೆಯ ಮೇಲೆ ಎತ್ತರಕ್ಕೆ, ದೇವರ ಫೋಟೋಗಳ ಸಾಲಿನಲ್ಲಿ. ಎದುರು ಗೋಡೆಗೆ ಟ್ಯೂಬ್‌ಲೈಟ್, ಅದರ ಬಿಳಿ ಗೆರೆ ಪರದೆಯ ನಟ್ಟನಡುವೆ. ಬಾಗಿಲು ತೆರೆದಿದೆ, ಬೀದಿಯ ಬಿಸಿಲು ಒಳಗೆ ಕಾಲಿಟ್ಟಿದೆ. ಅತ್ತೆ ನೆಲದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ತಲೆ ಎತ್ತಿ ನೋಡುತ್ತಾರೆ. ಅಷ್ಟು ಕೆಳಗಿನಿಂದ ನೋಡಿದರೆ ಅಗ್ಗದ ಪರದೆಯಲ್ಲಿ ಕಪ್ಪು ಕಪ್ಪಾಗಿ ಉಳಿಯುವುದೇ ಇಲ್ಲ. ನನ್ನ ಕೋಣೆಯ ಮಾನಿಟರ್‌ನಲ್ಲಿ ಅಷ್ಟು ಚೆಂದ ಕಂಡ ತೋಟ ಇಲ್ಲಿ ಒಂದು ಮಸಿ ಗುಡ್ಡೆ.

‘ಇದ್ಯಾರು?’ ಅಂತ ಅತ್ತೆ ಕೇಳಿದರು. ನಾಯಕಿಯ ತಮ್ಮ ಅಂದೆ. ‘ಇದು?’ ಊರ ಗೌಡ. ‘ಇದು?’ ಆ ಗೌಡನ ಆಳು, ಈಗ ಹಿಂದಿನಿಂದ ಬರ್ತಾನೆ ನೋಡಿ. ಎಲ್ಲದಕ್ಕೂ ತಕ್ಷಣ ಉತ್ತರ ಕೊಡುತ್ತಿದ್ದೆ. ಐದನೆಯದೋ ಆರನೆಯದೋ ಪ್ರಶ್ನೆಗೆ ನನಗೇ ಹೊಳೆಯಿತು: ನಾನು ಪರದೆ ನೋಡಿ ಹೇಳುತ್ತಿಲ್ಲ. ಆ ಪರದೆಯಲ್ಲಿ ನನಗೂ ಏನೂ ಕಾಣುತ್ತಿಲ್ಲ. ಪ್ರತಿ ಶಾಟನ್ನೂ ಇನ್ನೂರು ಸಲ ನೋಡಿದ್ದರಿಂದ ಕತ್ತಲೊಳಗೆ ಎಲ್ಲಿ ಯಾರಿದ್ದಾರೆ ಅಂತ ನೆನಪಿನಿಂದ ಹೇಳುತ್ತಿದ್ದೇನೆ. ಸ್ಟುಡಿಯೋದಲ್ಲೂ ಎಂಟು ದಿನ ಇದೇ ಆಗಿತ್ತು. ಮೊದಲ ದಿನ ಕಂಡ ಮುಖ ಎಂಟನೇ ದಿನಕ್ಕೆ ಕತ್ತಲಲ್ಲಿ ಕರಗಿಹೋಗಿತ್ತು, ನನ್ನ ಕಣ್ಣು ಅದನ್ನು ತಾನೇ ತುಂಬಿಕೊಳ್ಳುತ್ತಾ ಇತ್ತು. ನಿರ್ದೇಶಕರದ್ದೂ ಅದೇ ಕಣ್ಣು. 55 ರಾತ್ರಿ ಆ ಕೆಸರಿನಲ್ಲಿ ನಿಂತವರದ್ದೂ ಅದೇ ಕಣ್ಣಿರಬೇಕು ಅಂತ ಅಲ್ಲೇ ಅನ್ನಿಸಿತು. ನೆನಪಿಲ್ಲದ ಕಣ್ಣಿನಿಂದ ನೋಡಿದ ಮೊದಲಿಗರು ಅಭಿಮಾನಿಗಳು. ಅವರು ‘ಕಾಣಲಿಲ್ಲ’ ಅಂದಾಗ ಅದಕ್ಕಿಂತ ನಂಬಿಕೆಗೆ ಅರ್ಹವಾದ ಅಳತೆ ಬೇರೆ ಯಾವುದಿದೆ?

ರಾಜಾಜಿನಗರದಲ್ಲಿ ಯಾರ ಕೈಯಿಂದ ರಿಮೋಟ್ ಕಿತ್ತುಕೊಂಡಿದ್ದೆನೋ ಆ ಗೆಳೆಯನಿಗೆ ಅವತ್ತು ರಾತ್ರಿ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನಿಗೆ ಮರೆತೇಹೋಗಿತ್ತು.

ಈಗ ನನ್ನ ಕೋಣೆಯ ಹೊರಗೆ ಒಂದು ಮಾಮೂಲಿ 32 ಇಂಚಿನ ಟಿವಿ ಇದೆ. ಬೇಕೆಂದೇ ಎತ್ತರಕ್ಕೆ ಹಾಕಿಸಿದ್ದೇನೆ, ಎದುರಿಗೆ ಟ್ಯೂಬ್‌ಲೈಟ್. ರಾತ್ರಿ ದೃಶ್ಯ ಇದ್ದರೆ ಕಡಿಮೆ ಬಿಟ್‌ರೇಟ್‌ನ ಪ್ರತಿ ತೆಗೆದು ಹಗಲು ಹೊತ್ತಲ್ಲಿ ಅದರಲ್ಲಿ ಹಾಕುತ್ತೇನೆ. ಕತೆ ಗೊತ್ತಿಲ್ಲದವರನ್ನು ಕರೆಯುತ್ತೇನೆ, ಹೆಚ್ಚಾಗಿ ನಮ್ಮ ಅಕೌಂಟ್ಸ್ ಮೇಡಂ. ಚೆನ್ನಾಗಿದೆಯಾ ಅಂತ ಕೇಳುವುದಿಲ್ಲ, ಹಾಗೆ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಎಷ್ಟು ಜನ ಇದ್ದಾರೆ, ಯಾರ ಕೈಯಲ್ಲಿ ಏನಿದೆ, ಈಗ ಯಾರು ಬಿದ್ದರು, ಇಷ್ಟೇ ಕೇಳುವುದು. ಅವರು ತಡವರಿಸಿದ ಶಾಟಿನ ನಂಬರ್ ಬರೆದುಕೊಳ್ಳುತ್ತೇನೆ.

ತಿದ್ದುವಾಗ ಇಡೀ ಚಿತ್ರದ ಬೆಳಕು ಏರಿಸುವುದಿಲ್ಲ, ಏರಿಸಿದರೆ ರಾತ್ರಿ ಸತ್ತುಹೋಗುತ್ತೆ. ಹಿನ್ನೆಲೆಯನ್ನು ಶುದ್ಧ ಕಪ್ಪಿಗೆ ಬಿಡುತ್ತೇನೆ. ಮುಖ ಮತ್ತು ಕೈಗಳನ್ನು ಮಾತ್ರ ಬೇಕಾದಷ್ಟು ಮೆಟ್ಟಿಲು ಮೇಲೆತ್ತುತ್ತೇನೆ. ಬೆಳಕಿನಲ್ಲಿ ಅಂತರ ಸಿಗದ ಕಡೆ ಬಣ್ಣದಲ್ಲಿ ಹುಡುಕುತ್ತೇನೆ: ಬೆಳದಿಂಗಳ ನೀಲಿಯ ಮುಂದೆ ಪಂಜಿನ ಕಿತ್ತಳೆ ಇಟ್ಟರೆ ಅಗ್ಗದ ಟಿವಿಯಲ್ಲೂ ಆಳು ಮರದಿಂದ ಬಿಡಿಸಿಕೊಂಡು ನಿಲ್ಲುತ್ತಾನೆ. ನಿರ್ದೇಶಕರ ಜೊತೆ ಜಗಳ ಆಗುತ್ತೆ. ಒಬ್ಬರು ಎದ್ದು ಹೋದದ್ದೂ ಉಂಟು. ಅವರ ಸಂಕಟ ನನಗೆ ಅರ್ಥವಾಗುತ್ತೆ, ಕತ್ತಲೆ ಅವರ ಕತೆಯ ಜೀವ. 2022ರಲ್ಲಿ, ‘ಗೇಮ್ ಆಫ್ ಥ್ರೋನ್ಸ್’ಗಿಂತ ಹಿಂದಿನ ಕಾಲದ ಕತೆ ಹೇಳುವ ‘ಹೌಸ್ ಆಫ್ ದಿ ಡ್ರ್ಯಾಗನ್’ ಸರಣಿಯ ಏಳನೇ ಸಂಚಿಕೆಗೂ ಇದೇ ದೂರು ಬಂತು. ನಿರ್ದೇಶಕ ‘ದಿ ಲಾಂಗ್ ನೈಟ್’ ಮಾಡಿದ ಮಿಗೆಲ್ ಸಪೋಚ್ನಿಕ್ ಅವರೇ. ಹಗಲಲ್ಲಿ ಚಿತ್ರೀಕರಿಸಿ ಗ್ರೇಡಿಂಗ್‌ನಲ್ಲಿ, ಅಂದರೆ ಬೆಳಕು ಬಣ್ಣ ತಿದ್ದುವಾಗ, ರಾತ್ರಿ ಮಾಡಿದ ದೃಶ್ಯಗಳು ಅವು. ಅದು ಬೇಕೆಂದೇ ಮಾಡಿದ ಸೃಜನಶೀಲ ನಿರ್ಧಾರ ಅಂತ ಚಾನೆಲ್ ಕಡೆಯಿಂದ ಉತ್ತರ ಬಂತು. ನಿರ್ಧಾರ ಅಂತ ನಾನೂ ನಂಬುತ್ತೇನೆ. ಕಾಣದವರಿಗೆ ಅದರಿಂದ ಕಂಡ ಹಾಗಾಗುವುದಿಲ್ಲವಲ್ಲ.

ಈ ವಾರ ನನ್ನ ಮುಂದೆ ಮತ್ತೊಂದು ರಾತ್ರಿ ಕಾಳಗ ಇದೆ. ಕೆರೆ ಏರಿಯ ಮೇಲೆ, ಮಳೆಯಲ್ಲಿ, ಲಾಟೀನಿನ ಬೆಳಕಲ್ಲಿ. 14ನೇ ಶಾಟಿನಲ್ಲಿ ಅಣ್ಣ ಯಾರು ತಮ್ಮ ಯಾರು ಅಂತ ಮೇಡಂಗೆ ಎರಡು ಸಲವೂ ತಿಳಿಯಲಿಲ್ಲ. ತಮ್ಮನ ಭುಜದ ಮೇಲೊಂದು ಕೆಂಪು ವಸ್ತ್ರವಿದೆ, ನೆನೆದು ಕಪ್ಪಾಗಿದೆ. ಇವತ್ತು ಅದರ ಕೆಂಪನ್ನಷ್ಟೇ ಎಬ್ಬಿಸಿ ನೋಡುತ್ತೇನೆ. ನಾಳೆ ಹನ್ನೊಂದು ಗಂಟೆಗೆ, ಬಾಗಿಲು ತೆರೆದಿಟ್ಟು, ಅವರನ್ನು ಮತ್ತೆ ಕೂರಿಸಬೇಕು.